ಪ್ಲೂಟೋದ ಬೆಟ್ಟಗಳು ಗುಂಡಿಯಾದ ಆಷಾಢ

ತೆಂಗಿನಕಾಯಿ ಸಿಪ್ಪೆಯ ಹೊಗೆಗೆ ಒಂದು ಸಿಹಿಯಾದ ಕಮಟು ವಾಸನೆ ಇದೆ. ತಿಪಟೂರು ಸೀಮೆಯವರ ಮೂಗಿಗೆ ಅದು ತಿಳಿಯುವುದೇ ಇಲ್ಲ, ಹುಟ್ಟಿದಾಗಿನಿಂದ ಅದರಲ್ಲೇ ಸ್ನಾನದ ನೀರು ಕಾಯಿಸಿಕೊಂಡವರು. ನಾನು ತುಮಕೂರಿನ ಗ್ಯಾಸ್ ಒಲೆಯ ಮನೆಯಿಂದ ಬಂದವಳು, ನನಗೆ ಅದು ನೇರ ನೆತ್ತಿಗೇರುತ್ತದೆ. ಕಳೆದ ತಿಂಗಳು ಮಕ್ಕಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರಳಾಗಿ ಹಂದನಕೆರೆ ಕಡೆಯ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಗೇಟು ದಾಟುವಾಗಲೇ ಬಿಸಿಯೂಟದ ಕೋಣೆಯಿಂದ ಆ ಹೊಗೆ ಬಂತು. ಸಿಲಿಂಡರ್ ಮುಗಿದು ಸಿಪ್ಪೆ ಹಚ್ಚಿದ್ದರಂತೆ. ನನ್ನ ಕಣ್ಣಲ್ಲಿ ನೀರು ಬಂದಿದ್ದು ನೋಡಿ ಜೊತೆಗಿದ್ದವರು ಹೊಗೆಯಿಂದ ಅಂದುಕೊಂಡರು. ಹಾಗೇ ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಅದು ನಾನು ಮೊದಲು ಮೇಷ್ಟರಿಕೆ ಮಾಡಿದ ಶಾಲೆ. ಹೊಗೆಯ ಹಿಂದೆ ಉದ್ದನೆಯ ಜಗಲಿ, ಜಗಲಿಯ ಹಿಂದೆ ಒಂದು ಗೋಡೆ ಇದೆ. ಆ ಗೋಡೆಯ ಕಡೆ ತಲೆ ಎತ್ತಿ ನೋಡಲು ನನಗೆ ಧೈರ್ಯ ಬರಲಿಲ್ಲ. ಏನಾಗಿದೆಯೋ ಎಂಬ ಅಂಜಿಕೆ. ತೀರ್ಪು ಕೊಡುವ ಕೆಲಸ ಮೊದಲು ಮುಗಿಸೋಣ ಎಂದು ಒಳಗೆ ಹೋದೆ. ಆದರೆ ಮಕ್ಕಳು ಜ್ವಾಲಾಮುಖಿ, ಗಾಳಿಯಂತ್ರ ತೋರಿಸುತ್ತಿದ್ದರೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಎರಡು ಆಷಾಢ ಬಂದಿದ್ದ ಆ ವರ್ಷ.

ಅಧಿಕ ಮಾಸ ಬಂದು ಆ ವರ್ಷ ಆಷಾಢ ಇಮ್ಮಡಿಯಾಗಿತ್ತು. ಮದುವೆ ಮುಂಜಿ ಇಲ್ಲ, ಊರಿಗೆಲ್ಲ ಬೇಸರ. ಗಾಳಿಯೊಂದೇ ಹುರುಪಿನಲ್ಲಿತ್ತು. ಹಗಲೆಲ್ಲ ತೋಟಗಳಲ್ಲಿ ಒಣ ಗರಿ ದೊಪ್ಪೆಂದು ಬೀಳುವ ಸದ್ದು, ನಡುನಡುವೆ ನೆಲ ನೆನೆಯದಷ್ಟು ಸೋನೆ. ಹಳೆಯ ಮರಗಳು ಕಾಯಿಲೆ ಬಿದ್ದು ಸೊರಗಿದ್ದರಿಂದ ಊರಿನಲ್ಲಿ ಎಲ್ಲರೂ ಹೊಸ ತೆಂಗಿನ ಸಸಿ ಇಡುವ ಹುಮ್ಮಸ್ಸಿನಲ್ಲಿದ್ದರು. ಎಲ್ಲಿ ನೋಡಿದರೂ ಗುಂಡಿ. ತೆಗೆದ ಗುಂಡಿಯನ್ನು ಬಿಸಿಲಿಗೆ ಬಿಟ್ಟು, ಗೆದ್ದಲು ಬಾರದಿರಲಿ ಎಂದು ತಳಕ್ಕೂ ಅಂಚಿಗೂ ಬಿಳಿ ಪುಡಿ ಎರಚುತ್ತಿದ್ದರು. ಸ್ಕೂಟಿ ಓಡಿಸಲು ಆಗಷ್ಟೇ ಕಲಿತಿದ್ದ ನನಗೆ ಆ ಗುಂಡಿಗಳು ಕನಸಿನಲ್ಲೂ ಬರುತ್ತಿದ್ದವು.

ನನ್ನ ಸ್ವಭಾವ ಹೇಳಿಬಿಡುತ್ತೇನೆ. ನನಗೆ ತಿದ್ದುವ ಚಟ. ಮದುವೆ ಕಾರ್ಡಿನಲ್ಲಿ ತಪ್ಪಿದ್ದರೂ ಪೆನ್ನು ಹುಡುಕುತ್ತೇನೆ. ಅಂಥವಳು ಆ ಶಾಲೆಗೆ ಬಂದ ಮೊದಲ ದಿನವೇ ಜಗಲಿಯ ಗೋಡೆ ನೋಡಿ ಹೆಡ್‌ಮೇಷ್ಟ್ರ ಮುಂದೆ ನಿಂತಿದ್ದೆ. "ಸರ್, ಗೋಡೆ ಮೇಲೆ ಒಂಬತ್ತು ಗ್ರಹ ಇದೆ. ಈಗ ಎಂಟೇ."

ಹೆಡ್‌ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅದು ಮರುಳಯ್ಯ ಮೇಷ್ಟ್ರ ಗೋಡೆ ಕಣ್ರೀ. ಅವರನ್ನೇ ಕೇಳ್ಕೊಳಿ" ಎಂದಿದ್ದರು.

ಮರುಳಯ್ಯನವರು ಅದೇ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಗೋಡೆ ತುಂಬ ಸೌರಮಂಡಲ ಬರೆದಿದ್ದರು. ಬಾಗಿಲ ಪಕ್ಕ, ಗೋಡೆಯ ಬುಡದಲ್ಲಿ, ನೆಲದಿಂದ ಅರ್ಧ ಎದ್ದ ಸೂರ್ಯ. ಅಲ್ಲಿಂದ ಗ್ರಹಗಳು ಓರೆಯಾಗಿ ಏರುತ್ತಾ ಹೋಗಿ, ಆ ತುದಿಯಲ್ಲಿ, ದೊಡ್ಡವರ ಎದೆಮಟ್ಟದಲ್ಲಿ ಪ್ಲೂಟೋ. ಗುರುವಿಗೆ ಪಟ್ಟೆ, ಶನಿಗೆ ಬಳೆ, ಮಂಗಳನಿಗೆ ಕೆಂಪು. ಪ್ಲೂಟೋ ಮಾತ್ರ ಬರಿಯ ನೀಲಿ ಗೋಲಿ. ಅದರ ಕೆಳಗೆ ಆಮೇಲೆ ಬರೆದ ಸಣ್ಣ ಅಕ್ಷರ: ಕುಬ್ಜ ಗ್ರಹ. ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ಕೆಳಗಿಳಿಸಿದಾಗ ಅಳಿಸಿ ಎಂದವರಿಗೆ ಅವರು ಕೊಟ್ಟ ಉತ್ತರ ಅದು. ನನಗೂ ಅದನ್ನೇ ಹೇಳಿದರು. "ಊರಿಂದ ಆಚೆಗೆ ಹಾಕಿದ್ರೆ ಮನುಷ್ಯ ಸತ್ತ ಅಂತಲ್ಲ ಕಣಮ್ಮ."

ಈ ಒಂದು ಮಾತಿಗೆ ನಾವು ಸ್ನೇಹಿತರಾದೆವು. ಅವರಿಗೂ ತಿದ್ದುವ ಚಟವಿತ್ತು. ಇಬ್ಬರು ತಿದ್ದುವವರು ಸೇರಿದರೆ ಊರಿಗೆ ಕಷ್ಟ ಎಂದು ಅವರ ಹೆಂಡತಿ ಗೌರಮ್ಮನವರು ಕಾಫಿ ಕೊಡುತ್ತಾ ಹೇಳುತ್ತಿದ್ದರು.

ಅವರ ಕಣ್ಣಿನ ವಿಷಯ ತಿಳಿದದ್ದು ಅವರ ಮನೆಯ ಜಗಲಿಯಲ್ಲೇ. ಕಣ್ಣೊಳಗೆ ಒತ್ತಡ ಹೆಚ್ಚಿ ನರ ಒಣಗುವ ಕಾಯಿಲೆ. ಸುತ್ತಲಿನ ನೋಟ ಆಗಲೇ ಹೋಗಿ, ನಡುವೆ ಒಂದು ಕೊಳವೆಯಷ್ಟು ಉಳಿದಿತ್ತು. ಅದೂ ಹೆಚ್ಚು ದಿನ ಇರುವುದಿಲ್ಲ ಎಂದು ಹಾಸನದ ಡಾಕ್ಟರು ಹೇಳಿ ಕಳಿಸಿದ್ದರು. ಹಾಗಿರುವಾಗ, ಒಂಬತ್ತು ವರ್ಷದಿಂದ ಹಾರುತ್ತಿದ್ದ ಒಂದು ನೌಕೆ ಆ ಜುಲೈನಲ್ಲಿ ಪ್ಲೂಟೋದ ಪಕ್ಕದಲ್ಲೇ ಹಾದು ಚಿತ್ರ ಕಳಿಸುತ್ತದೆ ಎಂದು ಪೇಪರಿನಲ್ಲಿ ಬಂತು. ಗೌರಮ್ಮ ಅದನ್ನು ಅವರಿಗೆ ಓದಿ ಹೇಳಿದ್ದರು. ನಾನು ಹೋದಾಗ ಮೇಷ್ಟ್ರು ಪೇಪರನ್ನು ಮಡಚಿ ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

"ಎಂಟು ಜನಕ್ಕೂ ಮುಖ ಬರ್ದಿದ್ದೀನಿ ಕಣಮ್ಮ. ಇವನೊಬ್ಬನ್ನ ಮುಖ ಗೊತ್ತಿಲ್ದೆ ಗೋಲಿ ಮಾಡಿ ಕೂರ್ಸಿದ್ದೀನಿ. ಈಗ ಅವನ ಮುಖ ಬತ್ತೈತಂತೆ. ನನ್ನ ಕಣ್ಣು ಹೋಗ್ತೈತಂತೆ. ಯಾವ್ದು ಮುಂಚೆ ಅನ್ನೋದೇ ಈಗಿರೋ ಪಂದ್ಯ."

ಹೇಳುವಾಗ ನಗುತ್ತಲೇ ಇದ್ದರು. ಬಸ್ಸು ಹಿಡಿಯುವವರ ಆತುರ ಮಾತ್ರ ಆ ಮುಖದಲ್ಲಿ ಕಾಣುತ್ತಿತ್ತು.

ಚಿತ್ರ ಬಂತು. ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಡೈರಿಯ ಕಟ್ಟೆ ಮೇಲೆ ಮಾತ್ರ. ಸಂಜೆ ಹಾಲು ಹಾಕಲು ಬಂದವರ ಕ್ಯಾನುಗಳ ನಡುವೆ ನಿಂತು ಕಾದೆ. ತಿಳಿಕಂದು ಬಣ್ಣದ ದುಂಡನೆಯ ಮುಖ, ಅದರಲ್ಲಿ ಬೆಳ್ಳಗೆ ಹರಡಿದ ಹೃದಯದ ಆಕಾರದ ಬಯಲು. ಇನ್ನೊಂದು ಚಿತ್ರದಲ್ಲಿ ಆ ಬಯಲಿನ ಅಂಚಿಗೆ ಸಾಲುಸಾಲು ಬೆಟ್ಟ. ಕಲ್ಲು ಮಣ್ಣಿನ ಬೆಟ್ಟವಲ್ಲ, ನೀರಿನ ಹಿಮದ ಬೆಟ್ಟ. ಅಲ್ಲಿನ ಚಳಿಗೆ ನೀರು ಬಂಡೆಯಷ್ಟು ಗಟ್ಟಿಯಾಗಿ, ನಮ್ಮ ಪಶ್ಚಿಮ ಘಟ್ಟವನ್ನೂ ಮೀರಿಸುವ ಎತ್ತರಕ್ಕೆ ನಿಂತಿದೆಯಂತೆ. ಕಾಲಡಿಯ ಬಯಲು ಮಾತ್ರ ಬೇರೆ ಹಿಮ, ಮೆತ್ತಗೆ ನಿಧಾನವಾಗಿ ಹರಿಯುವಂಥದ್ದು. ನನಗೆ ಕಟ್ಟೆ ಮೇಲೆ ನಿಂತಲ್ಲೇ ರೋಮಾಂಚನವಾಯಿತು. ಡೈರಿಯ ಕಾರ್ಯದರ್ಶಿ, "ಏನ್ ಮೇಡಂ, ಟ್ರಾನ್ಸ್‌ಫರ್ ಆಯ್ತಾ?" ಎಂದ.

ಮೇಷ್ಟ್ರು ಫೋನನ್ನು ಮುಖದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಫೋನು ಚಿಕ್ಕದಾಗಿದ್ದದ್ದೇ ಒಳ್ಳೆಯದಾಯಿತು, ಅವರ ಉಳಿದ ನೋಟದೊಳಗೆ ಇಡೀ ಪ್ಲೂಟೋ ಹಿಡಿಸಿತು. "ಚೆನ್ನಾಗವ್ನೆ" ಎಂದರು, ಮನೆಗೆ ಬಂದ ಹೊಸ ಅಳಿಯನ ಬಗ್ಗೆ ಹೇಳಿದ ಹಾಗೆ. ಗೌರಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದರು.

ಆದರೆ ಆ ಮುಖವನ್ನು, ಆ ಬೆಟ್ಟಗಳನ್ನು ಗೋಡೆಗೆ ಬರೆಯುವುದು ಅಷ್ಟು ಸುಲಭವಿರಲಿಲ್ಲ. ಸ್ವಾತಂತ್ರ್ಯ ದಿನಾಚರಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು, ಶಾಲೆಗೆ ಬಣ್ಣ ಹೊಡೆಸಲು ಹಣ ಮಂಜೂರಾಗಿತ್ತು. ಹೆಡ್‌ಮೇಷ್ಟ್ರು ಕೆಟ್ಟವರಲ್ಲ, ಅಂಜುಬುರುಕರು. "ನಿಮ್ಮ ಗೋಡೆಗೆ ಬಣ್ಣ ಹೊಡೆಸ್ದೆ ಬುಡೋಣ ಮೇಷ್ಟ್ರೇ. ಆದ್ರೆ ನೋಡ್ದೋರಿಗೆ ಇದು ಬೆಟ್ಟ ಅಂತ ತಿಳೀಬೇಕು. ಸಾಹೇಬ್ರು ಬಂದು ಇದೇನ್ರೀ ಅಂದ್ರೆ ನನ್ನ ಮಾನ ಹೋಯ್ತದೆ. ತಿಳೀಲಿಲ್ವಾ, ಬಣ್ಣ ಹೊಡೆಸಿಬುಡ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು.

ಮೇಷ್ಟ್ರು ಗೋಲಿಯನ್ನು ಮೊರದಷ್ಟು ಅಗಲ ಮಾಡಿಕೊಂಡು ಬರೆಯಲು ಶುರು ಮಾಡಿದರು. ಫೋನು ನೋಡುವುದು, ಕಣ್ಣು ಮುಚ್ಚಿಕೊಳ್ಳುವುದು, ಆಮೇಲೆ ಗೋಡೆಯ ಒಂದು ಅಂಗೈ ಜಾಗ ಬರೆಯುವುದು. ಬರೆದದ್ದನ್ನು ಒಟ್ಟಾಗಿ ನೋಡಲು ಅವರು ಅಂಗಳದ ಆ ತುದಿಗೆ, ಧ್ವಜದ ಕಂಬದವರೆಗೆ ಹಿಂದಕ್ಕೆ ನಡೆಯಬೇಕಾಗಿತ್ತು. ನಾನು ಕೈ ಹಿಡಿದು ಕರೆದೊಯ್ಯುತ್ತಿದ್ದೆ. ಬಣ್ಣಗಳನ್ನು ನಾನೇ ಕಲೆಸಿದೆ, ಬೈಸಿಕೊಂಡೆ, ಮತ್ತೆ ಕಲೆಸಿದೆ. ಬೆಟ್ಟದ ಸಾಲು ಮುಗಿದ ದಿನ ಮಕ್ಕಳು ಊಟಕ್ಕೆ ಕೂತಿದ್ದರು. ಅಡುಗೆಯ ಲಕ್ಷ್ಮಮ್ಮ ಸಾರಿನ ಬಕೆಟ್ಟು ಹಿಡಿದು ಬಂದವಳು ಗೋಡೆ ಮುಂದೆ ನಿಂತಳು.

"ಯಾರ ತೋಟ ಮೇಷ್ಟ್ರೇ ಇದು? ಗುಂಡಿ ವಸಿ ಒತ್ತೊತ್ತಾಗಿ ತಗ್ದವ್ರಲ್ಲ."

ನಾನು ನಕ್ಕು ತಿರುಗಿ ನೋಡಿದೆ. ಗುಂಡಿಯೇ. ಅಷ್ಟು ದಿನ ಬೆಟ್ಟವಾಗಿ ಕಂಡದ್ದೆಲ್ಲ ಒಂದೇ ಗಳಿಗೆಯಲ್ಲಿ ಒಳಕ್ಕೆ ಇಳಿದುಬಿಟ್ಟಿತು. ಬಿಳಿ ಪುಡಿ ಎರಚಿ ಬಿಸಿಲಿಗೆ ಬಿಟ್ಟ, ಸಸಿಗೆ ಕಾದ ಗುಂಡಿಗಳು. ಒಮ್ಮೆ ಹಾಗೆ ಕಂಡ ಮೇಲೆ ಏನು ಮಾಡಿದರೂ ಬೆಟ್ಟ ಮೇಲೇಳಲಿಲ್ಲ. ಮಕ್ಕಳು ತಟ್ಟೆ ಹಿಡಿದುಕೊಂಡೇ ಎದ್ದು ಬಂದು, "ಗುಂಡಿ, ಗುಂಡಿ" ಎಂದರು. ಸಂಜೆಯೊಳಗೆ ಊರೆಲ್ಲ ಬಂದು ನೋಡಿ ಹೋಯಿತು. ಬೇರೆ ಸೀಮೆಯವರಾದರೆ ಹಳ್ಳ ಅನ್ನುತ್ತಿದ್ದರೋ ಏನೋ. ನಮ್ಮವರು ಗುಂಡಿಯ ಅಳತೆ, ಅಂತರ ಮಾತಾಡಿದರು. ಒಬ್ಬರಂತೂ ಮೇಷ್ಟ್ರಿಗೆ, "ಅಲ್ಲಿ ನೀರಿಗೇನು ಮಾಡ್ತೀರಿ?" ಎಂದರು.

ತಪ್ಪು ಎಲ್ಲಿಯದು ಎಂದು ನನಗೆ ಗೊತ್ತಿತ್ತು. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿದೆ. ಮೇಲ್ಭಾಗ ಬೆಳಗಿದ್ದರೆ ಉಬ್ಬು, ಕೆಳಭಾಗ ಬೆಳಗಿದ್ದರೆ ತಗ್ಗು. ಮೇಷ್ಟ್ರ ಸೂರ್ಯನೋ ಗೋಡೆಯ ಬುಡದಲ್ಲಿದ್ದ. ಅವರು ಅವನಿಗೆ ನಿಯತ್ತಾಗಿ ಬೆಟ್ಟದ ಕೆಳಬದಿಗೆ ಬೆಳಕು ಹಾಕಿ, ಮೇಲ್ಬದಿಗೆ ನೆರಳು ಕೊಟ್ಟಿದ್ದರು. ಗುಂಡಿಯೇ ತುಂಬಿದ ಊರಿನಲ್ಲಿ ಅದು ಇನ್ನೇನಾಗಿ ಕಾಣಬೇಕು?

"ಬೆಳಕು ಅದಲುಬದಲು ಮಾಡಿಬಿಡೋಣ ಸರ್, ಒಂದು ದಿನದ ಕೆಲಸ" ಎಂದೆ.

"ಸೂರ್ಯ ಕೆಳಗೆ ಕೂತವ್ನೆ. ಬೆಳಕು ಮ್ಯಾಲಿಂದ ಬರ್ಸಿದ್ರೆ, ಅಲ್ಲೊಬ್ಬ ಸೂರ್ಯನ್ನ ಬರೀಬೇಕಾಯ್ತದೆ. ಸುಳ್ಳು ಬರೆಯಾಕೆ ಈ ಕಣ್ಣು ಉಳಿಸ್ಕೊಂಡಿಲ್ಲ ಕಣಮ್ಮ ನಾನು."

ನನಗೆ ಸಿಟ್ಟು ಬಂತು. ಹಟಮಾರಿ ಮುದುಕ ಎಂದು ಮನಸ್ಸಿನಲ್ಲೇ ಬೈದೆ. ಹೆಡ್‌ಮೇಷ್ಟ್ರು ಬಣ್ಣದವನಿಗೆ ಹೇಳಿ ಕಳಿಸಿಯೇಬಿಟ್ಟರು. ಮೇಷ್ಟ್ರು ಎರಡು ದಿನ ಶಾಲೆಯ ಕಡೆ ಬರಲಿಲ್ಲ. ನೋಟದ ಕೊಳವೆ ಇನ್ನೂ ಸಣ್ಣದಾಗಿತ್ತು, ಪಂದ್ಯದಲ್ಲಿ ಗೆದ್ದೂ ಸೋತ ಹಾಗಾಗಿತ್ತು.

ಮೂರನೆಯ ದಿನ ಅವರ ಮನೆಗೆ ಹೋದೆ. ಅವರ ಅಟ್ಟದಲ್ಲಿ ಹೋದ ವರ್ಷದಿಂದ ಒಣಗಿದ್ದ ಕಾಯಿಯನ್ನು ಇಳಿಸಿ ಸುಲಿಸಿದ್ದರು. ಗೌರಮ್ಮ ಜಗಲಿಯಲ್ಲಿ ಕೂತು ಚಿಪ್ಪು ಒಡೆದು ಇಡೀ ಕೊಬ್ಬರಿ ಉಂಡೆ ಬಿಡಿಸುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ಕೂತು ಒಂದೊಂದನ್ನೂ ಅಂಗೈಯಲ್ಲಿ ತಿರುಗಿಸಿ, ಮೇಲೆ ಹೆಬ್ಬೆರಳಾಡಿಸಿ, ಒಳ್ಳೆಯದು ಈ ಕಡೆ, ಒಡಕು ಆ ಕಡೆ ಹಾಕುತ್ತಿದ್ದರು. ಕಣ್ಣು ಬೇರೆಲ್ಲೋ ಇತ್ತು. ನಾನು ಸಮಾಧಾನಕ್ಕೆ ಏನೋ ಹೇಳಲು ಹೋದೆ, ಅವರು ಇನ್ನೊಂದು ಉಂಡೆ ಕೈಗೆತ್ತಿಕೊಂಡರು. ಗೌರಮ್ಮನಿಗೆ ರೇಗಿತು.

"ಇನ್ನೆಷ್ಟು ದಿನ ಹಿಂಗೆ ಮುಖ ಊದಿಸ್ಕೊಂಡಿರ್ತೀರಿ? ಊರೋರ ಕಣ್ಣ ತಿದ್ದಾಕಾಯ್ತದಾ? ಕಣ್ಣಿಗೆ ಗುಂಡಿ ಕಂಡ್ರೆ ಕಾಣ್ಲಿ ಬುಡಿ. ಕೈಗೆ ಬೆಟ್ಟ ಸಿಗಂಗೆ ಮಾಡಿ. ವಸಿ ಗಾರೆ ಮೆತ್ತಿದ್ರೆ ಆಯ್ತಪ್ಪ."

ಮಾತು ನಿಲ್ಲಿಸಲು ಆಡಿದ ಮಾತದು. ಮೇಷ್ಟ್ರ ಹೆಬ್ಬೆರಳು ಕೊಬ್ಬರಿಯ ಮೇಲೆ ನಿಂತುಬಿಟ್ಟಿತು. "ನಾರು ಹಾಕಿದ್ರೆ ಬಿರುಕು ಬಿಡಾಕಿಲ್ಲ" ಎಂದರು, ತಮ್ಮಷ್ಟಕ್ಕೆ.

ಬಿಳಿ ಸಿಮೆಂಟಿಗೆ ಸಣ್ಣ ಮರಳು, ಗೌರಮ್ಮ ಕತ್ತರಿಸಿ ಕೊಟ್ಟ ತೆಂಗಿನ ನಾರು ಸೇರಿಸಿ ಕಲೆಸಿದೆವು. ಹಿಡಿಯಲಿ ಎಂದು ಗೋಡೆಯನ್ನು ಕೆತ್ತಿ ಒರಟು ಮಾಡಿಕೊಂಡರು. ಆಮೇಲೆ ಕುಂಚ ಮುಟ್ಟಲಿಲ್ಲ. ಕಣ್ಣು ಪೂರ್ತಿ ಮುಚ್ಚಿಕೊಂಡು ಹತ್ತು ಬೆರಳಲ್ಲಿ ಬೆಟ್ಟ ಎಬ್ಬಿಸಿದರು. ಬಯಲನ್ನು ಒದ್ದೆ ಅಂಗೈಯಲ್ಲಿ ಸವರಿ ಬೆಣ್ಣೆಯಂತೆ ನುಣುಪು ಮಾಡಿದರು. ಅದರ ಅಂಚಿಗೆ ಚಿವುಟಿ ಚಿವುಟಿ ಶಿಖರ, ಶಿಖರದ ನಡುವೆ ಕಣಿವೆ. ನಡುವೆ ಮಾತ್ರ ಫೋನು ಕೇಳುತ್ತಿದ್ದರು, ಕೊಳವೆಗೆ ಸಿಕ್ಕಷ್ಟು ನೋಡಿ ಮತ್ತೆ ಕಣ್ಣು ಮುಚ್ಚುತ್ತಿದ್ದರು. ಸೋನೆಗೆ ಗಾರೆ ಒಣಗದೆ ನಾವಿಬ್ಬರೂ ಪೇಪರು ಬೀಸುತ್ತಾ ಕೂತದ್ದುಂಟು. ಕೊನೆಯ ಶಿಖರ ಮುಗಿದದ್ದು ಭೀಮನ ಅಮಾವಾಸ್ಯೆಯ ದಿನ. ಗಂಡನ ಪಾದಪೂಜೆಗೆ ಕಾದಿದ್ದ ಗೌರಮ್ಮ, ಪಾದ ಎಲ್ಲಿದೆ, ಬರೀ ಸಿಮೆಂಟೇ ಇದೆ ಎಂದು ಬೈಯುತ್ತಾ ತೆಂಗಿನ ನಾರಿನಲ್ಲೇ ಅವರ ಕಾಲು ತಿಕ್ಕಿದರು.

ಆ ಸಂಜೆ ಲಕ್ಷ್ಮಮ್ಮನನ್ನು ಕರೆದು ನಿಲ್ಲಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಗೋಡೆಯ ಮೇಲೆ ಅಂಗೈ ಇಟ್ಟಳು. ನಿಧಾನವಾಗಿ ಬಯಲು ದಾಟಿ ಬೆಟ್ಟ ಹತ್ತಿದಳು.

"ಬೆಟ್ಟ ಕಣ್ರೀ," ಎಂದಳು. "ಅಂಗೈ ತರಚ್ತು ನೋಡಿ." ಇದು ನೀರಿನದೇ ಬೆಟ್ಟ ಎಂದು ನಾನು ಹೇಳಿದಾಗ, "ಅಷ್ಟು ನೀರು ಅಲ್ಲಿ ಸುಮ್ನೆ ನಿಂತೈತಾ? ನಮ್ಮ ಬೋರಿಗೆ ಒಂದು ಕೊಡ ಬತ್ತಾ ಇಲ್ಲ" ಎಂದು ಬೇಜಾರು ಮಾಡಿಕೊಂಡು ಹೋದಳು.

ಹೆಡ್‌ಮೇಷ್ಟ್ರು ತಾವೂ ಮುಟ್ಟಿ ನೋಡಿದರು, ಆ ಕಡೆ ಈ ಕಡೆ ನೋಡಿ ಇನ್ನೊಮ್ಮೆ ಮುಟ್ಟಿದರು. ಬಣ್ಣದವನಿಗೆ ಜಗಲಿಯ ಗೋಡೆ ಬೇಡ ಎಂದರು. ಮಾರನೆಯ ದಿನ ಸಾಹೇಬರು ಬಂದು ಧ್ವಜ ಹಾರಿಸಿ ಲಾಡು ತಿಂದು ಹೊರಟರು. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಮೇಷ್ಟ್ರಿಗೆ ಅದರ ಬೇಸರವಿರಲಿಲ್ಲ. ಮಕ್ಕಳು ಸಾಲುಗಟ್ಟಿ ಬೆಟ್ಟ ಸವರುವುದನ್ನು ಅವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಆ ಶಿವರಾತ್ರಿಯ ಹೊತ್ತಿಗೆ ಅವರ ಕೊಳವೆ ಮುಚ್ಚಿತು. ಮುಂದಿನ ವರ್ಷ ನನಗೆ ವರ್ಗವಾಯಿತು. ಹಬ್ಬಕ್ಕೊಂದು ಫೋನು ಮಾಡುತ್ತಿದ್ದೆ, ಆಮೇಲೆ ಅದೂ ಕಡಿಮೆಯಾಯಿತು.

ಕಳೆದ ತಿಂಗಳ ಆ ದಿನ, ತೀರ್ಪು ಕೊಟ್ಟು ಮುಗಿಸಿ ಕೊನೆಗೂ ಜಗಲಿಗೆ ಬಂದು ತಲೆ ಎತ್ತಿದೆ. ಗೋಡೆ ಪೂರ್ತಿ ಹಳದಿ. ಸೂರ್ಯ ಇಲ್ಲ, ಗುರುವಿನ ಪಟ್ಟೆ ಇಲ್ಲ, ಶನಿಯ ಬಳೆ ಇಲ್ಲ. ಎಷ್ಟು ಸಲ ಬಣ್ಣ ಹೊಡೆದಿದ್ದಾರೋ. ಆದರೆ ಆ ತುದಿಯಲ್ಲಿ, ಅದೇ ಹಳದಿಯನ್ನು ತಾನೂ ಬಳಿದುಕೊಂಡು, ಪ್ಲೂಟೋ ಉಬ್ಬಿ ನಿಂತಿತ್ತು. ಬಣ್ಣ ಬೆಟ್ಟವನ್ನು ಮುಚ್ಚಲಾರದೆ ಹೋಗಿತ್ತು. ಶಿಖರಗಳ ಮೇಲಿನ ಹಳದಿ ಸವೆದು, ಮಕ್ಕಳ ಕೈಯ ಜಿಡ್ಡಿಗೆ ಕಂದು ಹೊಳಪು ಬಂದಿತ್ತು. ಅಲ್ಲಿ ಒರಗಿ ನಿಂತಿದ್ದ ಮಕ್ಕಳನ್ನು ಇದೇನು ಎಂದು ಕೇಳಿದೆ.

"ಮರುಳಯ್ಯನ ಬೆಟ್ಟ ಮಿಸ್" ಎಂದರು.

ತಿದ್ದುವ ಚಟದವಳು ನಾನು, ಅವತ್ತು ತಿದ್ದಲಿಲ್ಲ. ನೇರ ಮೇಷ್ಟ್ರ ಮನೆಗೆ ಹೋದೆ. ಇನ್ನಷ್ಟು ತೆಳ್ಳಗಾಗಿದ್ದರು, ದನಿಗೇ ಗುರುತು ಹಿಡಿದರು. ಗೋಡೆಯ ವಿಷಯ ಮುಚ್ಚಿಡೋಣ ಎಂದುಕೊಂಡೆ, ಗೌರಮ್ಮನ ಕಾಫಿ ಕುಡಿಯುವಷ್ಟರಲ್ಲಿ ಎಲ್ಲ ಹೇಳಿಬಿಟ್ಟಿದ್ದೆ. ಅವರು ತಲೆಯಾಡಿಸುತ್ತಾ ಕೇಳಿ ನಕ್ಕರು.

"ಎಂಟೂ ಹೋದ್ವಾ? ಊರಿಂದ ಆಚೆಗೆ ಹಾಕಿದ್ದೋನೇ ಉಳ್ಕೊಂಡ ಅನ್ನಿ."

ಮಕ್ಕಳು ಇಟ್ಟ ಹೆಸರು ಹೇಳಿದೆ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ನಗು ನಿಂತಿತು. "ತಿದ್ದಲಿಲ್ವಾ ನೀವು? ತಪ್ಪು ತಪ್ಪೇ ಕಣಮ್ಮ" ಎಂದು ಕೋಲು ಹುಡುಕಿದರು. ಗೌರಮ್ಮ ನನ್ನ ಕಡೆ ನೋಡಿ, "ಹೋಗಿ, ಇಬ್ರೂ ಹೋಗಿ ತಿದ್ಕೊಂಡ್ ಬನ್ನಿ" ಎಂದರು.

ನನ್ನ ಭುಜದ ಮೇಲೆ ಕೈಯಿಟ್ಟು ಶಾಲೆಗೆ ನಡೆದರು. ಜಗಲಿಯ ಬಾಗಿಲ ಪಕ್ಕ ಬಗ್ಗಿ ಗೋಡೆಯ ಬುಡ ಮುಟ್ಟಿ, "ಇಲ್ಲಿ ಸೂರ್ಯ" ಎಂದರು. ಅಂಗೈಯನ್ನು ಗೋಡೆಗೆ ತಾಗಿಸಿಕೊಂಡೇ ಓರೆಯಾಗಿ ಮೇಲೇರುತ್ತಾ ನಡೆದರು. ಇಲ್ಲಿ ಬುಧ, ಇಲ್ಲಿ ಶುಕ್ರ, ಇಲ್ಲಿ ನಾವು. ಖಾಲಿ ಹಳದಿ ಗೋಡೆಗೆ ಹೆಸರು ಹೇಳುವ ಅಜ್ಜನನ್ನು ನೋಡಿ ಮಕ್ಕಳು ಮೊದಲು ಕಿಸಕ್ಕೆಂದರು. ಗುರುವಿನ ಹತ್ತಿರ ಕೈ ದೊಡ್ಡ ಸುತ್ತು ಬಳಸಿದಾಗ ಹಿಂದೆಯೇ ನಡೆಯತೊಡಗಿದರು. ಕೊನೆಗೆ ಬೆರಳು ತಡಕಾಡದೆ ಹೋಗಿ ಬಯಲಿನ ಮೇಲೆ ಇಳಿಯಿತು, ಬೆಟ್ಟ ಹತ್ತಿತು.

"ಇದಕ್ಕೆ ನನ್ನ ಹೆಸರು ಇಡಬ್ಯಾಡ್ರಪ್ಪಾ. ಮರುಳಯ್ಯ ಬರ್ದಿದ್ದು ಗುಂಡಿ. ಇದು ಪ್ಲೂಟೋದ ಬೆಟ್ಟ."

"ನೀವು ನೋಡಿದ್ದೀರಾ ತಾತ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನೋಡಿದ್ದೀನಿ ಕಣ್ಲಾ," ಎಂದರು ಮೇಷ್ಟ್ರು, ಶಿಖರದ ಮೇಲಿಂದ ಕೈ ತೆಗೆಯದೆ. "ಪಂದ್ಯದಲ್ಲಿ ಅವನೇ ಮುಂಚೆ ಬಂದ."